ಗಾಜಿನ ತೊಟ್ಟಿಗೆ ನೀರು ಏರಿದ ಕಥೆ

ಹೋದ ವೈಶಾಖದಲ್ಲಿ ನೆಂಟರ ಮನೆಯ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದ ನಾವು ನಾಲ್ಕನೆಯ ದಿನ ಬೆಳಗ್ಗೆ ಬೆಂಗಳೂರಿಗೆ ಹಿಂದಿರುಗಿದೆವು. ಬಾಗಿಲು ತೆರೆದೊಡನೆ ಮೂಗಿಗೆ ಬಡಿದದ್ದು ಹಸಿ ಕಾಗದದ ವಾಸನೆ. ನಡುಮನೆಯ ನೆಲದ ಮೇಲೆ ನೀರು ಹರಿದು ಒಣಗಿದ ಕಲೆ. ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿದ್ದ ನಿಘಂಟಿನ ಸಂಪುಟಗಳು ನೆನೆದು, ಉಬ್ಬಿ, ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹಲುಬುತ್ತಿದ್ದಾಗ ಮಗಳು ಆಗಲೇ ಮೀನಿನ ತೊಟ್ಟಿಯ ಮುಂದೆ ನಿಂತಿದ್ದಳು. ಕೂಗಲಿಲ್ಲ, ಅಳಲಿಲ್ಲ. ಹನ್ನೊಂದು ಮೀನುಗಳಲ್ಲಿ ನಾಲ್ಕು ಮಾತ್ರ ನೀರಿನ ಮೇಲುಗಡೆ ಬಾಯಿ ಚಾಚಿ ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದವು. ಉಳಿದ ಏಳು ಮಗುಚಿ ತೇಲುತ್ತಿದ್ದವು.

ನಡೆದದ್ದೇನೆಂದು ಹೇಳಬೇಕಾದರೆ ತೊಟ್ಟಿಯ ಏರ್ಪಾಡನ್ನು ಮೊದಲು ತಿಳಿಸಬೇಕು. ನಮ್ಮದು ನಾಲ್ಕಡಿ ಉದ್ದದ ತೊಟ್ಟಿ; ಸುಮಾರು ೨೫೦ ಲೀಟರು ಸಿಹಿನೀರು ಹಿಡಿಯುತ್ತದೆ. ಅದರ ಕೆಳಗೆ, ಮರದ ಪೆಟ್ಟಿಗೆಯೊಳಗೆ, ಬಂದವರ ಕಣ್ಣಿಗೆ ಬೀಳದಂತೆ ಇನ್ನೊಂದು ಚಿಕ್ಕ ತೊಟ್ಟಿ ಉಂಟು. ಮೇಲಿನ ತೊಟ್ಟಿಯ ಮೂಲೆಯಲ್ಲಿರುವ ಕಟ್ಟೆಯನ್ನು ಮೀರಿದ ನೀರು ಕೊಳವೆಯಲ್ಲಿ ಇಳಿದು, ಕೆಳಗೆ ಸ್ಪಂಜು, ಪಿಂಗಾಣಿ ಚೂರುಗಳ ನಡುವೆ ಹಾದು ಶುದ್ಧವಾಗುತ್ತದೆ. ಶುದ್ಧವಾದ ನೀರನ್ನು ಹಗಲೂ ರಾತ್ರಿ ಮೇಲಕ್ಕೆ ಕಳುಹಿಸುತ್ತಿರುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಪಂಪು. ಅಂಗಡಿಯವರು ಇದನ್ನು ರಿಟರ್ನ್ ಪಂಪ್ ಎನ್ನುತ್ತಾರೆ. ಕನ್ನಡ ಮೇಷ್ಟರಾದ ತಪ್ಪಿಗೆ ಇದಕ್ಕೊಂದು ಹೆಸರು ಹುಡುಕಲು ಹೊರಟು ‘ಮರಳು ಪಂಪು’ ಎಂದೆ. ಹೊಳೆಯಿಂದ ಮರಳೆತ್ತುವ ಯಂತ್ರವೇ ಎಂದು ಸ್ನೇಹಿತರೊಬ್ಬರು ಕೇಳಿದ ಮೇಲೆ ಆ ಪ್ರಯತ್ನವನ್ನು ಕೈಬಿಟ್ಟೆ. ಬರಿಯ ಪಂಪೆಂದೇ ಇರಲಿ.

ನಾವಿಲ್ಲದ ಒಂದು ರಾತ್ರಿ ಕರೆಂಟು ಹೋಗಿದೆ, ಪಂಪು ನಿಂತಿದೆ. ನೀರನ್ನು ಮೇಲಕ್ಕೆ ತರುವ ಕೊಳವೆಯ ಬಾಯಿ ತೊಟ್ಟಿಯ ನೀರಿನೊಳಗೆ ಅರ್ಧ ಗೇಣಿನಷ್ಟು ಮುಳುಗಿತ್ತು. ಪಂಪಿನ ಒತ್ತಡ ತಪ್ಪಿದೊಡನೆ ಅದೇ ಕೊಳವೆ ಮೇಲಿನ ನೀರನ್ನು ಕೆಳಕ್ಕೆ ಎಳೆಯತೊಡಗಿದೆ. ಕೆಳಗಿನ ತೊಟ್ಟಿ ತುಂಬಿ, ಹೊರಚೆಲ್ಲಿ, ನಿಘಂಟಿನವರೆಗೆ ಹರಿದಿದೆ. ಆಮೇಲೆ ಕರೆಂಟು ಬಂದಿದೆ. ಪಂಪು ಇದ್ದ ನೀರನ್ನೆಲ್ಲ ಮೇಲಕ್ಕೆ ಕಳುಹಿಸಿದೆ. ಆದರೆ ಚೆಲ್ಲಿಹೋದಷ್ಟು ನೀರು ಕಡಮೆಯಾಗಿದ್ದರಿಂದ ಮೇಲಿನ ತೊಟ್ಟಿ ಕಟ್ಟೆಯ ಮಟ್ಟಕ್ಕೆ ತುಂಬಲೇ ಇಲ್ಲ, ಕೆಳಕ್ಕೆ ಮತ್ತೆ ನೀರು ಇಳಿಯಲೂ ಇಲ್ಲ. ಬತ್ತಿದ ತೊಟ್ಟಿಯಲ್ಲಿ ಪಂಪು ಒಣಗೆ ತಿರುಗಿ ತಿರುಗಿ ಸುಟ್ಟುಹೋಗಿದೆ. ಅಲ್ಲಿಂದ ಮುಂದೆ ಮೀನುಗಳಿಗೆ ಉಸಿರು ಕಡಮೆಯಾಗುತ್ತ ಹೋಗಿದೆ.

ಆ ಪಂಪನ್ನು ಕೊಳ್ಳುವಾಗ ನಾನು ನೋಡಿದ್ದು ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯೊಂದನ್ನೇ: ಗಂಟೆಗೆ ೫,೦೦೦ ಲೀಟರು. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವನು ಹೇಳಿದ. ನನಗೂ ಅದು ನ್ಯಾಯವೆಂದೇ ತೋರಿತು. ಈ ಸಲ ಹಾಗೆ ಕೊಳ್ಳಬಾರದೆಂದು ನಿಶ್ಚಯಿಸಿ ಒಂದು ತಿಂಗಳ ಕಾಲ ಇದೇ ವಿಷಯವನ್ನು ಓದಿದೆ. ಉಳಿದ ನಾಲ್ಕು ಮೀನುಗಳು ಆ ತಿಂಗಳನ್ನು ಒಂದು ಸಣ್ಣ ಗಾಳಿಯಂತ್ರದ ದಯೆಯಿಂದ ಕಳೆದವು. ಪಂಪಿನ ವಿಷಯ ಓದಲು ಹೊರಟವನಿಗೆ ಸಿಕ್ಕಿದ್ದು ಇತಿಹಾಸ.

ಗಾಜಿನ ಪಾತ್ರೆಯಲ್ಲಿ ಜಲಚರಗಳನ್ನು ಸಾಕಿ ನೋಡುವ ಹವ್ಯಾಸ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬೆಳೆದದ್ದು. ಅದರ ಆರಂಭದ ದಿನಗಳಲ್ಲಿ ಪಂಪು ಇರಲಿಲ್ಲ, ಆಳುಗಳು ಇದ್ದರು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ ಎಂಬ ಪ್ರಕೃತಿಶಾಸ್ತ್ರಜ್ಞ ೧೮೨೮ರಲ್ಲಿ ಕಡಲ ದಡದಿಂದ ಒಂದು ಸಮುದ್ರಹೂವನ್ನು ತಂದು ಎಡಿನ್‌ಬರೋದ ತನ್ನ ಮನೆಯ ಗಾಜಿನ ಜಾಡಿಯಲ್ಲಿ ಇಟ್ಟ. ಸಮುದ್ರಹೂವೆಂದರೆ ಹೂವಲ್ಲ, ಬಂಡೆಗೆ ಅಂಟಿ ಬದುಕುವ ಮೆತುಮೈಯ ಪ್ರಾಣಿ. ಅದರ ನೀರನ್ನು ಬದಲಾಯಿಸುತ್ತಲೇ ಇರಬೇಕು. ಅದಕ್ಕಾಗಿ ಕಡಲಿನಿಂದ ಹೊಸ ನೀರನ್ನು ಕೂಲಿಯಾಳು ಹೊತ್ತು ತರುತ್ತಿದ್ದ. ಡಾಲ್ಯೆಲ್ ೧೮೫೧ರಲ್ಲಿ ತೀರಿಕೊಂಡ. ಸಮುದ್ರಹೂವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತ, ‘ಅಜ್ಜಿ’ ಎಂಬ ಅಡ್ಡಹೆಸರು ಪಡೆದು ೧೮೮೭ರವರೆಗೆ ಬದುಕಿತು! ಅದು ಸತ್ತಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ಐವತ್ತೊಂಬತ್ತು ವರ್ಷ ನೀರು ಬದಲಾಯಿಸಿದ ಕೈಗಳ ಲೆಕ್ಕವನ್ನು ಯಾರು ಇಟ್ಟಿದ್ದಾರು?

ಕಡಲು ಹತ್ತಿರವಿದ್ದವರ ಮಾತಾಯಿತು ಇದು. ಕಡಲು ದೂರವಿದ್ದರೆ? ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿದ್ದ ಆನಾ ಥಿನ್ ಎಂಬ ಮಹಿಳೆ ೧೮೪೬ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ ಕಲ್ಲುಹವಳದ ಜೀವಿಗಳನ್ನು ಕಂಡು ಮೋಹಗೊಂಡಳು. ಅವುಗಳನ್ನು ಸೂಜಿದಾರದಿಂದ ಸ್ಪಂಜೊಂದಕ್ಕೆ ಹೊಲಿದು, ಹಾದಿಯಲ್ಲಿ ಉರುಳಾಡದಂತೆ ಜೋಪಾನ ಮಾಡಿ ಲಂಡನ್ನಿಗೆ ತಂದಳು. ತಂದ ಮೇಲೆ ತೊಡಕು ತಲೆಯೆತ್ತಿತು. ದಿನವೂ ಹೊಸ ಸಮುದ್ರದ ನೀರನ್ನು ತರಿಸುವುದು ಆಗದ ಮಾತು. ಹಳೆಯ ನೀರಿನಲ್ಲಿ ಬಿಟ್ಟರೆ ಜೀವಿಗಳು ಸಾಯುತ್ತವೆ. ಆಕೆ ಕಂಡುಕೊಂಡ ಉಪಾಯ ಬಲು ಸರಳ. ತೆರೆದ ಕಿಟಕಿಯ ಮುಂದೆ ನಿಂತು, ಅದೇ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹುಯ್ಯುವುದು. ಕುದಿಸಿದ ಹಾಲನ್ನು ಆರಿಸಲು ನಮ್ಮ ಮನೆಯ ಹೆಂಗಸರು ಮಾಡುವುದೂ ಇದನ್ನೇ ಅಲ್ಲವೆ? ಹಾಗೆ ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹುಯ್ದರೆ ನೀರಿನಲ್ಲಿ ಗಾಳಿ ಬೆರೆತು ಹವಳಗಳು ಬದುಕುತ್ತಿದ್ದವು.

ಉಪಾಯ ಥಿನ್ ಅವರದು; ಹುಯ್ಯುವ ಕೆಲಸ ಬಹುಪಾಲು ಮನೆಗೆಲಸದವಳದು. ಲಂಡನ್ನಿನ ಚಳಿಗಾಲದಲ್ಲಿ ಕಿಟಕಿ ತೆರೆದು, ಉಪ್ಪುನೀರಿನ ಪಾತ್ರೆಯನ್ನು ಎತ್ತಿ ಹಿಡಿದು ನಿಂತ ಆ ಹೆಣ್ಣುಮಗಳನ್ನು ನಾನು ಬಹಳ ಸಲ ನೆನೆದುಕೊಂಡಿದ್ದೇನೆ. ನೀರನ್ನು ಬದಲಾಯಿಸದೆ, ಇದ್ದ ನೀರನ್ನೇ ತಿರುಗಿಸಿ ಜೀವಿಗಳನ್ನು ಉಳಿಸಿದ ಮೊದಲ ಪಂಪುಗಳಲ್ಲಿ ಒಂದು ಆಕೆಯ ರಟ್ಟೆ.

ಆದರೆ ವಿದ್ವಾಂಸರ ಒಲವು ಬೇರೆ ಕಡೆ ಹೋಯಿತು. ಲಂಡನ್ನಿನ ಅಪೋತಿಕರೀಸ್ ಹಾಲ್‌ನಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್ ೧೮೪೯ರಲ್ಲಿ ಹನ್ನೆರಡು ಗ್ಯಾಲನ್ನಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟು ನೋಡಿದ. ಮೀನು ಬಿಡುವ ಇಂಗಾಲಾಮ್ಲವನ್ನು ಗಿಡ ಹೀರಬೇಕು, ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡಬೇಕು, ಇದು ಲೆಕ್ಕ. ಮೊದಲು ಗಿಡದ ಎಲೆ ಕೊಳೆತು ನೀರು ಕದಡಿತು. ಕೊಳೆತದ್ದನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ೧೮೫೦ರ ಮಾರ್ಚಿನಲ್ಲಿ ರಸಾಯನ ಸಂಘದ ಮುಂದೆ ಇದನ್ನು ಓದಿದ. ಮೀನು, ಗಿಡ, ಹುಳು ಮೂರೂ ಸೇರಿದರೆ ಪ್ರಕೃತಿಯ ಸಮತೋಲ ತಾನಾಗಿ ನಿಲ್ಲುತ್ತದೆ, ನೀರನ್ನು ಮುಟ್ಟಬೇಕಾದದ್ದೇ ಇಲ್ಲ ಎಂಬ ನಂಬಿಕೆ ಇಲ್ಲಿಂದ ಹರಡಿತು. ಕೇಳಲು ಇಂಪಾದ ತತ್ತ್ವ. ಆಳಿನ ಖರ್ಚೂ ಇಲ್ಲ.

ಮುಂದಿನದು ಹುಚ್ಚು. ೧೮೫೩ರಲ್ಲಿ ಲಂಡನ್ನಿನ ರೀಜೆಂಟ್ ಪಾರ್ಕಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಅದಕ್ಕೆ ಕಡಲಿನ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಮಾತು ಮನೆಮಾತಾಯಿತು. ಮಧ್ಯಮ ವರ್ಗದ ಮನೆಗಳ ಬೈಠಕ್ಕಿನ ಕೋಣೆಯಲ್ಲೆಲ್ಲ ಒಂದೊಂದು ಗಾಜಿನ ತೊಟ್ಟಿ ಬಂತು. ಕಡಲ ದಡದ ಬಂಡೆಗಳನ್ನು ಜನ ಬರಿದು ಮಾಡಿದರು. ಹತ್ತು ಹದಿನೈದು ವರ್ಷ ಕಳೆಯುವುದರೊಳಗೆ ಎಲ್ಲ ಇಳಿದುಹೋಯಿತು. ಹತ್ತು ತೊಟ್ಟಿಗಳಲ್ಲಿ ಒಂಬತ್ತನ್ನು ಜನ ಕೈಬಿಟ್ಟರೆಂದು ಪಾದ್ರಿ ಜೆ. ಜಿ. ವುಡ್ ೧೮೬೮ರಲ್ಲಿ ಬರೆದಿದ್ದಾನೆ. ತತ್ತ್ವ ಓದಿ ತಂದ ಮೀನು ಮನೆಯಲ್ಲಿ ಸತ್ತರೆ ಯಾರಿಗೆ ತಾನೆ ಉತ್ಸಾಹ ಉಳಿದೀತು? ಇಲ್ಲಿ ನಾನು ಯಾರನ್ನೂ ಹಾಸ್ಯ ಮಾಡುತ್ತಿಲ್ಲ. ನನ್ನ ತೊಟ್ಟಿಯ ಏಳು ಮೀನುಗಳು ಕಣ್ಣ ಮುಂದೆ ಇವೆ.

ಎಲ್ಲರೂ ಕೈಬಿಟ್ಟ ಹೊತ್ತಿನಲ್ಲಿ ಬಿಡದೆ ಹಿಡಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಈ ಕಥೆಯ ನಾಯಕನೆಂದು ನಾನು ಭಾವಿಸುವುದು ಅವನನ್ನೇ. ಅವನು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವನು. ಕಟ್ಟಲು ಬಂದ ಪುಸ್ತಕಗಳನ್ನು ಓದಿ ಕಲಿತನೋ ಏನೋ ಎಂದು ಊಹಿಸಿದರೆ ನನಗೆ ಸಂತೋಷವಾಗುತ್ತದೆ. ಜಲಚರಗಳ ಹುಚ್ಚು ಹಿಡಿದು, ಲಂಡನ್ನಿನ ಪೋರ್ಟ್‌ಲೆಂಡ್ ರಸ್ತೆಯಲ್ಲಿ ತೊಟ್ಟಿ, ಮೀನು, ಸಮುದ್ರದ ನೀರು ಮಾರುವ ಅಂಗಡಿ ತೆರೆದ. ೧೮೫೮ರಲ್ಲಿ ಅವನು ಅಚ್ಚು ಹಾಕಿಸಿದ ಬೆಲೆಪಟ್ಟಿ ನೂರಕ್ಕೂ ಹೆಚ್ಚು ಪುಟದ್ದು. ಹುಚ್ಚು ಇಳಿದಾಗ ಅಂಗಡಿಯೂ ಮುಳುಗಿತು. ಜರ್ಮನಿಯ ಹ್ಯಾಂಬರ್ಗ್ ನಗರದವರು ಅವನನ್ನು ಕರೆಸಿಕೊಂಡರು. ಅಲ್ಲಿನ ಮೃಗಾಲಯದಲ್ಲಿ ೧೮೬೪ರಲ್ಲಿ ತೆರೆದ ಜಲಚರಾಲಯ ಅವನ ಕೈಯದು. ನೀರಿನ ವ್ಯಾಪಾರದಲ್ಲಿ ಸೋತವನು ಅಷ್ಟರಲ್ಲಿ ನೀರಿನ ಗುಟ್ಟನ್ನು ಕಲಿತಿದ್ದ.

ಆ ಗುಟ್ಟಿನ ಪೂರ್ಣರೂಪ ಕಂಡದ್ದು ೧೮೭೧ರಲ್ಲಿ, ಲಂಡನ್ನಿನ ದಕ್ಷಿಣಕ್ಕಿರುವ ಸಿಡನ್‌ಹ್ಯಾಮಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ. ಕಡಲಿನಿಂದ ದೂರದ ಜಾಗ. ಸಮುದ್ರದ ನೀರನ್ನು ರೈಲಿನಲ್ಲಿ ತರಿಸಿದರು. ಜನ ನೋಡುವ ತೊಟ್ಟಿಗಳಲ್ಲಿ ಸುಮಾರು ೨೦,೦೦೦ ಗ್ಯಾಲನ್ ನೀರು; ನೆಲದಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕತ್ತಲೆಯ ತೊಟ್ಟಿಯಲ್ಲಿ ಅದರ ಹಲವು ಪಟ್ಟು. ಲಾಯ್ಡನ ಹಟವೇ ಅದು: ಕಾಣುವ ನೀರಿಗಿಂತ ಕಾಣದ ನೀರು ಹೆಚ್ಚಾಗಿರಬೇಕು. ಉಗಿಯಂತ್ರ ಹಗಲಿರುಳೂ ಆ ಕತ್ತಲೆಯ ನೀರನ್ನು ಮೇಲಕ್ಕೆ ಎತ್ತುತ್ತಿತ್ತು. ಸಣ್ಣ ಬಾಯಿಯ ಕೊಳವೆಗಳಿಂದ ಅದು ರಭಸವಾಗಿ ತೊಟ್ಟಿಗಳಿಗೆ ಚಿಮ್ಮಿ, ಬೀಳುವಾಗ ಗಾಳಿಯನ್ನು ತನ್ನೊಡನೆ ಎಳೆದುಕೊಂಡು, ತೊಟ್ಟಿಯಿಂದ ತೊಟ್ಟಿಗೆ ಇಳಿದು, ಕೊನೆಗೆ ಕತ್ತಲೆಯ ತೊಟ್ಟಿಗೆ ಸೇರುತ್ತಿತ್ತು. ಮತ್ತೆ ಮೇಲಕ್ಕೆ. ನೀರನ್ನು ಬದಲಾಯಿಸಬೇಕಿಲ್ಲ ಎಂದು ವಾರಿಂಗ್ಟನ್ ಹೇಳಿದ್ದನ್ನು ಲಾಯ್ಡ್ ಒಪ್ಪಿದ. ನೀರನ್ನು ಮುಟ್ಟಬೇಕಿಲ್ಲ ಎಂದು ಜನ ತಿಳಿದದ್ದನ್ನು ಒಪ್ಪಲಿಲ್ಲ. ಮನೆಗೆಲಸದವಳ ಮುಕ್ಕಾಲು ಗಂಟೆಯ ಕೆಲಸವನ್ನು ಇಪ್ಪತ್ತನಾಲ್ಕು ಗಂಟೆಗೆ ವಿಸ್ತರಿಸಿ ಯಂತ್ರಕ್ಕೆ ಒಪ್ಪಿಸಿದ, ಅಷ್ಟೆ.

ಇನ್ನೊಂದು ಸಂಗತಿಯಲ್ಲಿಯೂ ಅವನು ಕಟ್ಟುನಿಟ್ಟು. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ಕರಗಿದ ಲೋಹ, ಅದರಲ್ಲಿಯೂ ತಾಮ್ರ, ಹವಳ ಸಮುದ್ರಹೂವುಗಳಿಗೆ ವಿಷ. ಆದುದರಿಂದ ನೀರು ತಾಕುವ ಪಂಪು ಕೊಳವೆಗಳಿಗೆ ಗಂಧಕ ಬೆರೆಸಿ ಗಟ್ಟಿ ಮಾಡಿದ ಕಪ್ಪು ರಬ್ಬರನ್ನು ಬಳಸಿದರು. ಇಂದಿನ ಪ್ಲಾಸ್ಟಿಕ್ಕಿನ ಪಂಪಿಗೆ ಅದು ಮುತ್ತಜ್ಜ. ಇಟಲಿಯ ನೇಪಲ್ಸಿನಲ್ಲಿ ಆಂಟನ್ ಡೋರ್ನ್ ಕಟ್ಟಿಸಿದ ಪ್ರಾಣಿಶಾಸ್ತ್ರ ಸಂಶೋಧನಾಲಯದ ಜಲಚರಾಲಯ ೧೮೭೪ರಲ್ಲಿ ತೆರೆಯಿತು. ಅದರ ನೀರಿನ ಏರ್ಪಾಡಿಗೂ ಲಾಯ್ಡನೇ ಸಲಹೆಗಾರ. ಆರು ವರ್ಷದ ಮೇಲೆ, ೧೮೮೦ರಲ್ಲಿ, ಅವನು ತೀರಿಕೊಂಡ.

ನೀರು ತಿರುಗಿದರೆ ಮೀನು ಬದುಕುತ್ತದೆಂದು ಲಾಯ್ಡ್ ಅನುಭವದಿಂದ ಬಲ್ಲ. ಗಾಳಿ ನೀರಿನ ಕಶ್ಮಲವನ್ನು ಸುಡುತ್ತದೆಂದು ಆ ಕಾಲದವರು ಹೇಳುತ್ತಿದ್ದರು. ಸುಡುವವರು ಯಾರೆಂಬುದು ತಿಳಿದದ್ದು ಆಮೇಲೆ, ಅದೂ ಒಂದು ಸೋಜಿಗದ ರೀತಿಯಲ್ಲಿ. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಚರಂಡಿಯ ನೀರನ್ನು ಮರಳಿನ ಮೂಲಕ ಹಾಯಿಸಿ, ಅದರಲ್ಲಿನ ಅಮೋನಿಯ ನೈಟ್ರೇಟಾಗಿ ಮಾರ್ಪಡುವುದು ಜೀವಂತ ಅಣುಗಳಿಂದ ಎಂದು ತೋರಿಸಿದರು. ಇದನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ದುಡಿದು, ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆಂದು ಕಂಡುಹಿಡಿದವನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿದ್ದ ಒಬ್ಬ ರಸಾಯನಶಾಸ್ತ್ರಜ್ಞ. ಅವನ ಹೆಸರು ರಾಬರ್ಟ್ ವಾರಿಂಗ್ಟನ್. ಎರಡು ಮೀನು ಸಾಕಿದ ವಾರಿಂಗ್ಟನ್ನನ ಮಗ!

ಈ ತಂದೆ ಮಕ್ಕಳ ಸಂಗತಿ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೀನು ಕಿವಿರಿನಿಂದ ಹೊರಹಾಕುವುದು ಅಮೋನಿಯ. ಅದು ಮೀನಿಗೆ ವಿಷ. ಒಂದು ಬಗೆಯ ಅಣುಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟಿಗೆ ತಿರುಗಿಸುತ್ತದೆ. ತಂದೆಯ ಪಾತ್ರೆಯಲ್ಲಿ ಗಿಡ ಹುಳುಗಳ ಜೊತೆಗೆ ಈ ಕಾಣದ ಆಳುಗಳೂ ದುಡಿಯುತ್ತಿದ್ದವು. ತಂದೆ ೧೮೬೭ರಲ್ಲಿ ತೀರಿಕೊಂಡ. ಮಗ ಹೊಲದ ಮಣ್ಣನ್ನು ಪರೀಕ್ಷಿಸುತ್ತ ಅದೇ ಆಳುಗಳನ್ನು ಕಂಡ. ಅವುಗಳನ್ನು ಬೇರೆಯಾಗಿ ಬೆಳೆಸಿ ತೋರಿಸುವ ಯಶಸ್ಸು ಮಾತ್ರ ಅವನಿಗೆ ದೊರೆಯದೆ, ೧೮೯೦ರ ಸುಮಾರಿಗೆ ರಷ್ಯದ ವಿನೋಗ್ರಾಡ್‌ಸ್ಕಿಗೆ ಸಂದಿತು. ಈ ಅಣುಜೀವಿಗಳಿಗೂ ಆಮ್ಲಜನಕ ಬೇಕು. ನಮ್ಮ ಕೆಳಗಿನ ತೊಟ್ಟಿಯ ಪಿಂಗಾಣಿ ಚೂರುಗಳ ಮೇಲೆ ಮನೆ ಮಾಡಿಕೊಂಡಿರುವುದು ಅವೇ. ಪಂಪು ನಿಂತರೆ ಮೀನಿಗೆ ಗಾಳಿ ತಪ್ಪುವುದಷ್ಟೇ ಅಲ್ಲ, ಅಮೋನಿಯ ಅವುಗಳಿರುವಲ್ಲಿಗೆ ತಲುಪುವುದೂ ತಪ್ಪುತ್ತದೆ. ನಮ್ಮ ಮೀನುಗಳು ಎರಡು ಕಡೆಯಿಂದ ಸತ್ತವು.

ಇನ್ನು ಯಂತ್ರದ ಮಾತು. ಕೊಡದಿಂದ, ಏತದಿಂದ, ಕಪಿಲೆಯಿಂದ ನೀರೆತ್ತುವುದು ನಮಗೆ ಹೊಸದಲ್ಲ. ಅವೆಲ್ಲ ಒಂದೊಂದು ಮೊಗೆಯಾಗಿ ಎತ್ತುತ್ತವೆ. ನಮ್ಮ ಪುಟ್ಟ ಪಂಪಿನ ರೀತಿ ಬೇರೆ. ಅದರೊಳಗಿನ ರೆಕ್ಕೆಯ ಗಾಲಿ ಗಿರ್ರನೆ ತಿರುಗಿ ನಡುವಿನ ನೀರನ್ನು ಅಂಚಿಗೆ ಎಸೆಯುತ್ತದೆ. ಎಸೆತದ ಬಲದಿಂದ ನೀರು ಕೊಳವೆ ಏರುತ್ತದೆ. ಈ ಕೇಂದ್ರಾಪಗಾಮಿ ಪಂಪಿನ ಕಲ್ಪನೆ ಹಳೆಯದು. ಆದರೆ ಅದಕ್ಕೆ ಮರ್ಯಾದೆ ಬಂದದ್ದು ೧೮೫೧ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನ ಮಹಾಪ್ರದರ್ಶನದಲ್ಲಿ. ಜಾನ್ ಜಾರ್ಜ್ ಆಪಲ್ಡ್ ಎಂಬ ತುಪ್ಪಳದ ಬಣ್ಣಗಾರ ಅಲ್ಲಿ ಬಾಗಿದ ರೆಕ್ಕೆಗಳ ಪಂಪನ್ನು ಇಟ್ಟಿದ್ದ. ತೀರ್ಪುಗಾರರು ಪರೀಕ್ಷಿಸಿದಾಗ, ನೇರ ರೆಕ್ಕೆಯ ಗಾಲಿ ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ೨೪ ಪಾಲನ್ನು ಮಾತ್ರ ನೀರೆತ್ತಲು ಬಳಸಿದರೆ, ಬಾಗಿದ ರೆಕ್ಕೆಯದು ೬೮ ಪಾಲನ್ನು ಬಳಸಿತು. ಆ ಪ್ರದರ್ಶನ ನಡೆದ ಗಾಜಿನ ಮಹಲನ್ನೇ ಕಳಚಿ ಸಿಡನ್‌ಹ್ಯಾಮಿಗೆ ಒಯ್ದು ಮತ್ತೆ ಕಟ್ಟಿದರು. ಇಪ್ಪತ್ತು ವರ್ಷದ ಮೇಲೆ ಲಾಯ್ಡ್ ತನ್ನ ಜಲಚರಾಲಯ ಕಟ್ಟಿದ್ದು ಅದರ ಪಕ್ಕದಲ್ಲಿಯೇ. ರಟ್ಟು ಕಟ್ಟುವವನೊಬ್ಬ, ಬಣ್ಣ ಹಾಕುವವನೊಬ್ಬ! ಶಾಸ್ತ್ರದ ಇತಿಹಾಸದಲ್ಲಿ ಇಂಥವರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಈ ಎರಡೂ ಕೂಡಿ ಮನೆಯೊಳಕ್ಕೆ ಬರಲು ವಿದ್ಯುತ್ತೂ ಪ್ಲಾಸ್ಟಿಕ್ಕೂ ಬರಬೇಕಾಯಿತು. ನೀರಿನಲ್ಲಿ ಮುಳುಗಿಸುವ ಇಂದಿನ ಪಂಪಿನಲ್ಲಿ ತಂತಿಸುರುಳಿಯನ್ನು ರಾಳದಲ್ಲಿ ಎರಕ ಹೊಯ್ದು ಮುಚ್ಚಿರುತ್ತಾರೆ. ತಿರುಗುವುದು ಒಂದು ಅಯಸ್ಕಾಂತ. ಅದೂ ರೆಕ್ಕೆಯೂ ನೀರಿನೊಳಗೇ ಇರುತ್ತವೆ. ನಡುವೆ ಗೋಡೆ. ಗೋಡೆಯನ್ನು ತೂರಿ ಅಚ್ಚು ಹೋಗದಿರುವುದರಿಂದ ನೀರು ಸೋರುವ ಭಯವಿಲ್ಲ, ಎಣ್ಣೆ ಬೇಡ. ಅಚ್ಚಿಗೆ ಎಣ್ಣೆಯೂ ನೀರೇ, ಮೈ ತಂಪಾಗಿಡುವುದೂ ನೀರೇ. ನೀರಿಲ್ಲದೆ ತಿರುಗಿದರೆ ಏನಾಗುತ್ತದೆಂಬುದನ್ನು ಮೊದಲೇ ಹೇಳಿದ್ದೇನೆ. ಕೆಳಗೊಂದು ತೊಟ್ಟಿ ಇಡುವ ಪದ್ಧತಿ ಮನೆಗಳಲ್ಲಿ ಹೆಚ್ಚಾಗಿ ಹರಡಿದ್ದು ೧೯೮೬ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಬರೆದ ಲೇಖನಗಳ ಮೇಲೆ. ಹೊಸದೆಂದು ಜನ ಕೊಂಡಾಡಿದ ಆ ಏರ್ಪಾಡು ಲಾಯ್ಡನ ಕತ್ತಲೆಯ ತೊಟ್ಟಿಯ ಮೊಮ್ಮಗು. ಒಂದೇ ವ್ಯತ್ಯಾಸ: ಅವನದು ಮೇಲಿನದಕ್ಕಿಂತ ದೊಡ್ಡದು, ನಮ್ಮದು ಚಿಕ್ಕದು. ನನ್ನ ನೆಲ ನೆನೆದದ್ದು ಈ ವ್ಯತ್ಯಾಸದಿಂದ.

ಇಷ್ಟು ತಿಳಿದು ಮತ್ತೆ ಅಂಗಡಿಗೆ ಹೋದೆ. ಈ ಸಲ ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ನೋಡಿದೆ. ಗಂಟೆಗೆ ಇಷ್ಟು ಸಾವಿರ ಲೀಟರು ಎಂಬ ದೊಡ್ಡ ಸಂಖ್ಯೆ, ನೀರನ್ನು ಒಂದಿಂಚೂ ಮೇಲೆತ್ತದಿದ್ದಾಗಿನ ಲೆಕ್ಕ. ಬಾವಿ ಆಳವಾದಷ್ಟೂ ಗಂಟೆಗೆ ಸೇದುವ ಕೊಡಗಳು ಕಡಮೆಯಾಗುವಂತೆ, ಎತ್ತುವ ಎತ್ತರ ಹೆಚ್ಚಿದಷ್ಟೂ ಪಂಪಿನ ನೀರು ಕಡಮೆಯಾಗುತ್ತದೆ. ಒಂದು ಎತ್ತರದಲ್ಲಿ ಪೂರ್ತಿ ನಿಂತೇಹೋಗುತ್ತದೆ. ಒಳ್ಳೆಯ ತಯಾರಕರು ಇದನ್ನು ಇಳಿಜಾರಾದ ಒಂದು ಗೆರೆಯಾಗಿ ಬರೆದು ತೋರಿಸಿರುತ್ತಾರೆ. ಆ ಗೆರೆ ಇಲ್ಲದ ಡಬ್ಬಿಯನ್ನು ಕೆಳಗಿಟ್ಟುಬಿಡಬೇಕೆಂಬುದು ನನ್ನ ಅಭಿಪ್ರಾಯ. ಕೆಳಗಿನ ತೊಟ್ಟಿಯ ನೀರಿನಿಂದ ಮೇಲಿನ ತೊಟ್ಟಿಯ ಅಂಚಿಗೆ ನಮ್ಮಲ್ಲಿ ನಾಲ್ಕಡಿ. ಕೊಳವೆಯ ಎರಡು ಮೊಣಕೈಗಳ ತಡೆಯನ್ನೂ ಸೇರಿಸಿ ಐದಡಿ, ಎಂದರೆ ಒಂದೂವರೆ ಮೀಟರು ಎಂದುಕೊಂಡೆ.

ಎಷ್ಟು ನೀರು ಬೇಕು? ಹಿಂದೆ ಗಂಟೆಗೆ ತೊಟ್ಟಿಯ ಹತ್ತು ಪಟ್ಟು ನೀರು ತಿರುಗಬೇಕೆನ್ನುತ್ತಿದ್ದರು. ಈಗ ಅನುಭವಸ್ಥರು ಮೂರರಿಂದ ಐದು ಪಟ್ಟು ಸಾಕೆನ್ನುತ್ತಾರೆ. ತೊಟ್ಟಿಯೊಳಗೆ ಅಲೆ ಬೇಕಾದವರು ಅದಕ್ಕೆ ಬೇರೆ ಯಂತ್ರ ಇಟ್ಟುಕೊಳ್ಳುತ್ತಾರೆ. ಐದು ಪಟ್ಟೆಂದರೆ ನಮಗೆ ೧,೨೫೦ ಲೀಟರು. ಒಂದೂವರೆ ಮೀಟರಿನ ಎತ್ತರದಲ್ಲಿ ಅಷ್ಟು ಕೊಡುವ ಪಂಪಿನ ಡಬ್ಬಿಯ ಮೇಲೆ ೩,೦೦೦ ಎಂದಿತ್ತು. ಹಿಂದಿನ ೫,೦೦೦ದ ಪಂಪಿನಲ್ಲಿ ಕಟ್ಟೆಯ ಮೇಲೆ ನೀರು ಉಬ್ಬಿ ಹರಿದು ರಾತ್ರಿಯಿಡೀ ಸದ್ದು ಮಾಡುತ್ತಿದ್ದುದೇಕೆಂದು ಆಗ ಹೊಳೆ‍ಯಿತು. ವಾಟಿನ ಲೆಕ್ಕವನ್ನೂ ಹಾಕಿದೆ: ೬೦ ವಾಟಿನ ಹಳೆಯದು ತಿಂಗಳಿಗೆ ೪೩ ಯೂನಿಟ್ ತಿನ್ನುತ್ತಿತ್ತು, ೨೫ ವಾಟಿನ ಇದು ೧೮ ಯೂನಿಟ್. ಮುಳುಗಿಸಿಟ್ಟ ಪಂಪು ತಿಂದ ವಿದ್ಯುತ್ತೆಲ್ಲ ಬಹುಪಾಲು ಬಿಸಿಯಾಗಿ ನೀರಿಗೇ ಸೇರುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಮೆ ನಿಲ್ಲುತ್ತದೆಂಬುದನ್ನು ನೆನೆದರೆ, ದೊಡ್ಡ ಪಂಪು ಬೇಸಗೆಯಲ್ಲಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು.

ನೀರು ಕಡಮೆಯಾದರೆ ತಾನಾಗಿ ನಿಲ್ಲುವ, ಬ್ಯಾಟರಿಯ ಮೇಲೂ ಓಡುವ ಪಂಪುಗಳು ಈಗ ಉಂಟು. ಬೆಲೆ ಹೆಚ್ಚು. ನಾನು ನಿಲ್ಲುವ ಗುಣಕ್ಕೆ ಹಣ ಕೊಟ್ಟೆ, ಬ್ಯಾಟರಿಗೆ ಕೊಡಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ. ಹಿಮ್ಮುಖ ಹರಿವನ್ನು ತಡೆಯುವ ಕವಾಟವೊಂದನ್ನು ಅಂಗಡಿಯವನು ತೋರಿಸಿದ. ಪಾಚಿಯ ಒಂದು ಎಳೆ, ಹುಳುವಿನ ಒಂದು ಚಿಪ್ಪು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಅದರ ಬದಲು ಕೊಳವೆಯ ಬಾಯನ್ನು ನೀರಿನ ಮಟ್ಟದ ಹತ್ತಿರಕ್ಕೆ ಏರಿಸಿ, ಮಟ್ಟಕ್ಕಿಂತ ಅರ್ಧ ಅಂಗುಲ ಕೆಳಗೆ ಕೊಳವೆಗೆ ಒಂದು ತೂತು ಕೊರೆದೆ. ಪಂಪು ನಿಂತಾಗ ನೀರು ಅಷ್ಟು ಇಳಿದೊಡನೆ ತೂತಿನಿಂದ ಗಾಳಿ ನುಗ್ಗಿ ಎಳೆತ ಮುರಿಯುತ್ತದೆ. ಕಾಸಿಲ್ಲದ ಉಪಾಯ.

ಹಳೆಯ ಪಂಪಿನ ಹಾಗೆ ಇದನ್ನೂ ನಂಬಿ ಕೂರುವ ಧೈರ್ಯ ಬರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಸ್ವಿಚ್ಚು ಆರಿಸಿದೆ. ಮಗಳು ಕೆಳಗಿನ ತೊಟ್ಟಿಯ ಮುಂದೆ ಕುಳಿತಳು. ನೀರು ಏರಿತು, ಏರಿತು, ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು. ಅಲ್ಲಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದಳು. ಸ್ವಿಚ್ಚು ಹಾಕಿದೆ, ನೀರು ಮತ್ತೆ ಮೇಲೇರಿ, ಕಟ್ಟೆ ದಾಟಿ, ಕೆಳಗೆ ಬಂತು. ಮೂರು ಸಲ ಹೀಗೆ ಮಾಡಿದೆವು. ಸಾರ್ವಜನಿಕ ಜಲಚರಾಲಯಗಳಲ್ಲಿ ಪಂಪು ಯಾವಾಗಲೂ ಜೋಡಿಯಾಗಿರುತ್ತದೆಂದು ಓದಿದ್ದರಿಂದ ಅದೇ ಮಾದರಿಯ ಇನ್ನೊಂದನ್ನು ಕೊಂಡು ತಂದು ಡಬ್ಬಿಯಲ್ಲಿಯೇ ಇಟ್ಟಿದ್ದೇನೆ. ಪಕ್ಕದ ಮನೆಯವರಿಗೆ ಅದನ್ನು ಬದಲಾಯಿಸುವ ಬಗೆಯನ್ನು ಮಗಳು ಕಲಿಸಿಕೊಟ್ಟಿದ್ದಾಳೆ.

ಮೀನು ಇನ್ನೂ ನಾಲ್ಕೇ ಇವೆ. ಹೊಸವನ್ನು ಈಗಲೇ ತರುವುದು ಬೇಡ, ಅಣುಜೀವಿಗಳು ಮೊದಲು ಬೆಳೆಯಲಿ ಎಂದು ಅವಳೇ ಹೇಳಿದಳು. ನಿಘಂಟಿನ ಸಂಪುಟಗಳನ್ನು ಪುಟ ಪುಟವಾಗಿ ಬಿಡಿಸಿ ಬಿಸಿಲಿಗೆ ಇಟ್ಟು ಒಣಗಿಸಿದೆ. ಎರಡನ್ನು ಹೊಸದಾಗಿ ರಟ್ಟು ಕಟ್ಟಿಸಬೇಕಾಯಿತು. ಅವು ಈಗ ಬೀರುವಿನ ಮೇಲಿನ ಅರೆಯಲ್ಲಿವೆ.